ಆಯಿ ಮತ್ತು 31 ಇಂಚು

ನಮ್ಮ ಸಂಘದ ಸಂಪಾದಕ ಮಿತ್ರರು "ನೀನೂ ಒಂದು ಬರೀಯಪ್ಪಾ" ಎಂದು ಎರಡು ತಿಂಗಳಿನಿಂದ ಬೆನ್ನು ಹತ್ತಿದ್ದರು. ಕಾಮರ್ಸ್ ಓದುವವನಿಗೆ ಜಮಾ-ಖರ್ಚು ಬಿಟ್ಟರೆ ಬರೆಯುವುದಕ್ಕೆ ಏನಿರುತ್ತದೆ ಹೇಳಿ? ಕವಿತೆ ನನ್ನ ಕೈಗೆ ಹತ್ತುವುದಿಲ್ಲ. ಪ್ರೇಮ ಪ್ರಕರಣ ಯಾವುದೂ ಇಲ್ಲ. ಇದ್ದರೂ ನಿಮಗೆ ಹೇಳುತ್ತಿರಲಿಲ್ಲ. ಹೀಗಾಗಿ ಒಂದು ಜೀಪಿಗೆ ಮೆಟ್ಟಿಲು ಕೂಡಿಸಿದ ಸಂಗತಿಯನ್ನೇ ಬರೆಯುತ್ತಿದ್ದೇನೆ. ಜೀಪು ನಮ್ಮ ಕಾಕಾರದು. ಮೆಟ್ಟಿಲು ನಮ್ಮ ಆಯಿಗೆ, ಅಂದರೆ ನನ್ನ ಅಪ್ಪನ ತಾಯಿಗೆ. (ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಇಲ್ಲಿಯ ಮರಾಠಿ ಗೆಳೆಯರು ತಾಯಿ ಎಂದು ತಿಳಿದು ಪ್ರತಿ ಸಲ ಗೊಂದಲ ಮಾಡಿಕೊಳ್ಳುತ್ತಾರೆ.)

ನಮ್ಮ ಊರು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನದು. ನಕಾಶೆಯಲ್ಲಿ ಮಹಾರಾಷ್ಟ್ರ, ಮನೆಯಲ್ಲಿ ಕನ್ನಡ. ಕನ್ನಡ ಶಾಲೆಯಲ್ಲಿ ಕಲಿತು ಪುಣೆಗೆ ಬಂದ ನನಗೆ 'ಡಿಪ್ರಿಸಿಯೇಶನ್' ಅಂದರೆ ಸವಕಳಿ ಎಂದು ತಲೆಗೆ ಇಳಿಯುವುದಕ್ಕೇ ಆರು ತಿಂಗಳು ಹಿಡಿಯಿತು. ಕಾಕಾ ಚಿಂಚವಡದ ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದಾರೆ. ನಾನು ಅವರ ಮನೆಯಲ್ಲೇ ಇದ್ದು ಓದುವವನು. ಆಯಿ ಮಾತ್ರ ಊರ ಹೊರಗಿನ ತೋಟದ ವಸ್ತಿ ಬಿಟ್ಟು ಬರುವವಳಲ್ಲ. ಡಾಂಬರು ರಸ್ತೆಯ ಫಾಟಾದಿಂದ ವಸ್ತಿಗೆ 3 ಕಿಲೋಮೀಟರು ಎರೆಮಣ್ಣಿನ ದಾರಿ, ನಡುವೆ ಒಂದು ಹಳ್ಳ. ನಮ್ಮ ಕಡೆ ಮಳೆಗಿಂತ ಬರಗಾಲವೇ ಹೆಚ್ಚು. ಆದರೆ ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಆ ಮಣ್ಣು ಕಾಲಿನ ಚಪ್ಪಲಿಯನ್ನು ಇಸಕೊಂಡು ಇಟ್ಟುಕೊಳ್ಳುತ್ತದೆ, ತಿರುಗಿ ಕೊಡುವುದಿಲ್ಲ.

ಕಾಕಾರ ಜೀಪು ಹಳೆಯ ಮಹೀಂದ್ರಾ ಎಂಎಂ 540. ಡಿಸೇಲ್ ಇಂಜಿನ್ನು, ಮೇಲೆ ತಾಡಪತ್ರಿ, ಬಾಗಿಲು ಇಲ್ಲ. ಕೊಂಡಾಗ ಅದು ಎಲ್ಲ ಜೀಪಿನಂತೆಯೇ ಇತ್ತು. ಮಳೆಗಾಲದ ರವಿವಾರಗಳಲ್ಲಿ ಸಹ್ಯಾದ್ರಿಯ ಕಲ್ಲುದಾರಿಗಳಲ್ಲಿ ಗಾಡಿ ಓಡಿಸುವ ಗೆಳೆಯರ ಗುಂಪು ಅವರಿಗೆ ಗಂಟುಬಿತ್ತು ನೋಡಿ, ಅಲ್ಲಿಂದ ಜೀಪು ಬೆಳೆಯತೊಡಗಿತು. ಈ ಜೀಪಿನಲ್ಲಿ ಪಾಟಾ ಸ್ಪ್ರಿಂಗುಗಳು ಆಕ್ಸಲಿನ ಕೆಳಗೆ ಕೂತಿರುತ್ತವೆ. ಅವನ್ನು ತೆಗೆದು ಆಕ್ಸಲಿನ ಮೇಲೆ ಕೂಡಿಸಿದರೆ ಗಾಡಿ 5 ಇಂಚಿನಷ್ಟು ಮೇಲೇಳುತ್ತದೆ. ಜೊತೆಗೆ ದೊಡ್ಡ ಟಾಯರು. ಟಾಯರಿನ ಲೆಕ್ಕ ಸ್ವಲ್ಪ ಮೋಸದ್ದು: ಅಡ್ಡಳತೆ ಎರಡೂವರೆ ಇಂಚು ಹೆಚ್ಚಾದರೆ ಗಾಡಿ ಏರುವುದು ಅದರ ಅರ್ಧ ಮಾತ್ರ, ಯಾಕೆಂದರೆ ಉಳಿದರ್ಧ ಆಕ್ಸಲಿನ ಮೇಲಿರುತ್ತದೆ. ಒಟ್ಟಿನಲ್ಲಿ ಮೊದಲು ನೆಲದಿಂದ 25 ಇಂಚಿಗೆ ಇದ್ದ ಜೀಪಿನ ಹೊಸ್ತಿಲು 31 ಇಂಚಿಗೆ ಹೋಯಿತು. ಖರ್ಚು 86,000 ರೂಪಾಯಿ. ಕಾಕೂಗೆ ಹೇಳಿದ್ದು 40,000.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಂಪನಿಯವರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿ ಹೇಳಿತು. ಬಿಜಿನೆಸ್ ಲಾ ಓದಿದ ಹುರುಪಿನಲ್ಲಿ ನಾನಿದನ್ನು ಕಾಕಾರಿಗೆ ಹೇಳಿದೆ. ಅವರು "ಪರೀಕ್ಷಾ ಯಾವಾಗ ಐತಿ ನಿಂದು?" ಎಂದು ಕೇಳಿದರು.

2022ರಲ್ಲಿ ನಮ್ಮ ಕಡೆ ಮಳೆ ಚೆನ್ನಾಗಿ ಆಯಿತು. ಗಣೇಶ ಚೌತಿಗೆ ಊರಿಗೆ ಹೋದಾಗ ವಸ್ತಿಯ ದಾರಿ ಪೂರ್ತಿ ರಾಡಿ. ಉಳಿದವರ ಗಾಡಿಗಳು ಫಾಟಾದಲ್ಲೇ ನಿಂತಿದ್ದವು, ಕಾಕಾರ ಜೀಪು ಹಳ್ಳ ದಾಟಿ ನೇರ ಅಂಗಳಕ್ಕೆ ಬಂತು. ಕಾಕಾರ ಮುಖ ನೋಡಬೇಕಿತ್ತು! ಆಯಿಗೆ ಎಪ್ಪತ್ತರ ಮೇಲೆ ವಯಸ್ಸು. ಎಡಗಾಲಿನ ಮೊಣಕಾಲು ಊದಿಕೊಂಡಿತ್ತು. ಮರುದಿನ ಜತ್ತದ ಡಾಕ್ಟರರಿಗೆ ತೋರಿಸುವುದೆಂದಾಯಿತು. "ಗಾಡಿ ಐತಲ್ಲಾ, ಚಿಂತಿ ಯಾಕ?" ಅಂದರು ಕಾಕಾ.

ಆಯಿ ಜೀಪಿನ ಬಳಿ ಬಂದು ನಿಂತಳು. ಹೊಸ್ತಿಲು ಅವಳ ಸೊಂಟದ ಸಮಕ್ಕೆ ಇತ್ತು. ಅವಳು ಎತ್ತರದ ಹೆಂಗಸಲ್ಲ. ಒಂದು ಕೈಯಿಂದ ಮುಂದಿನ ಗಾಜಿನ ಚೌಕಟ್ಟು ಹಿಡಿದಳು. ಆ ಚೌಕಟ್ಟು ಜೀಪಿನಲ್ಲಿ ಮುಂದಕ್ಕೆ ಮಡಚುವಂಥದ್ದು, ಬುಡಕ್ಕೆ ಬಿಜಾಗರಿ ಇರುತ್ತದೆ. ಭಾರ ಹಾಕಿದರೆ ಅಲುಗಾಡುತ್ತದೆ. ಅಲುಗಾಡಿತು. ಅವಳು ಕೈ ಬಿಟ್ಟಳು. ಆಗ ಕಾಕಾ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಕಂಕುಳಲ್ಲಿ ಕೈ ಹಾಕಿ "ಹೂಂ, ಏಳು" ಎಂದು ಎತ್ತಿದೆವು. ಸೀರೆ ಗೇರ್ ಹ್ಯಾಂಡಲಿಗೆ ಸಿಕ್ಕಿ ಮೊಣಕಾಲ ಮೇಲೆ ಹೋಯಿತು. ಒಂದು ಚಪ್ಪಲಿ ರಾಡಿಯಲ್ಲಿ ಉಳಿಯಿತು. ಪಕ್ಕದ ವಸ್ತಿಯ ಹುಡುಗರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು ಹೋ ಎಂದು ನಕ್ಕರು. ನಾನೂ ನಕ್ಕೆ. ಅಷ್ಟೇ ಅಲ್ಲ, ಆಯಿ ಸೀಟಿನ ಮೇಲೆ ಅಡ್ಡ ಬಿದ್ದಂತೆ ಕೂತಿದ್ದಾಗ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದೆ. ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಬಿಟ್ಟರೆ ಮುಂದಿನದಕ್ಕೆ ಅರ್ಥ ಇಲ್ಲ.

ಆಯಿ ಸೆರಗು ಸರಿಮಾಡಿಕೊಂಡು ಹೇಳಿದ್ದು ಒಂದೇ ಮಾತು: "ನಾ ಏನ ಕಣಕಿ ಹೊರಿ ಅದೇನೇನೋ, ಎತ್ತಿ ಒಗ್ಯಾಕ?"

ದಾರಿಯುದ್ದಕ್ಕೂ ಮಾತಾಡಲಿಲ್ಲ. ಡಾಕ್ಟರರು ನೋಡಿ ಗುಳಿಗೆ, ಮುಲಾಮು ಕೊಟ್ಟು, ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಹೇಳಿ ಕಳಿಸಿದರು. ಹೊರಗೆ ಬಂದರೆ ಆಯಿ ಜೀಪಿನ ಕಡೆ ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಕಾಕಾ ಎಷ್ಟು ಕರೆದರೂ ಬರಲಿಲ್ಲ. ನಾನು ಅವಳ ಹಿಂದೆ ಬಸ್ಸು ಹತ್ತಿದೆ. ಫಾಟಾದಲ್ಲಿ ಇಳಿದು ಆ 3 ಕಿಲೋಮೀಟರು ರಾಡಿಯನ್ನು ಅವಳು ಆ ಕಾಲಿನಲ್ಲೇ ನಡೆದಳು. ಎರಡು ತಾಸು. ನಾನು ಗುಳಿಗೆಯ ಚೀಲ ಹಿಡಿದು ಹಿಂದೆ ಹಿಂದೆ. ಜೀಪು ನಮ್ಮಿಬ್ಬರ ಹಿಂದೆ, ಒಂದನೇ ಗೇರಿನಲ್ಲಿ. ಹಳ್ಳದ ಹತ್ತಿರ ನಿಂತು ಕಾಲು ತಿಕ್ಕಿಕೊಳ್ಳುವಾಗ ಒಮ್ಮೆ ಜೀಪನ್ನು ನೋಡಿ ಅಂದಳು: "ಬಂಡಿ ಆದ್ರ ಮೂಕಿ ಎತ್ತಿದ್ರ ಹಿಂದ ಬಗ್ಗತೈತಿ, ಮುದುಕೂರು ಹತ್ತತಾರ. ಇದು ಯಾರಿಗೂ ಬಗ್ಗಂಗಿಲ್ಲ."

ರಾತ್ರಿ ಫೋಟೋ ಅಳಿಸಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು.

ಪುಣೆಗೆ ಬಂದ ಮೇಲೆ ಕಾಕಾ ತಾವಾಗಿಯೇ "ಒಂದು ಫುಟ್‌ರೆಸ್ಟ್ ಹಚ್ಚೂಣು" ಅಂದರು. ಭೋಸರಿಯಲ್ಲಿ ಅವರ ಪರಿಚಯದ ಒಬ್ಬ ವೆಲ್ಡಿಂಗ್ ಮಿಸ್ತ್ರಿ ಇದ್ದಾರೆ, ಇಂಡಿ ತಾಲೂಕಿನವರು. ಗಿರಾಕಿಗಳ ಜೊತೆ ಮರಾಠಿ, ಹುಡುಗರ ಜೊತೆ ಹಿಂದಿ, ಸಿಟ್ಟು ಬಂದಾಗ ಕನ್ನಡ. ಅವರು ಜೀಪಿನ ಎರಡೂ ಬದಿಗೆ ಎರಡಿಂಚಿನ ದಪ್ಪ ಪೈಪು ಕೂಡಿಸಿದರು. ಅದನ್ನು ಬಾಡಿಗೆ ಹಚ್ಚಲಿಲ್ಲ, ಚಾಸಿಗೆ ಹಚ್ಚಿದರು. ಜೀಪಿನ ಬಾಡಿ ತೆಳ್ಳನ್ನ ತಗಡು, ಚಾಸಿಯ ಮೇಲೆ ರಬ್ಬರು ಬುಶ್ಶಿನ ಮೇಲೆ ಕೂತಿರುತ್ತದೆ. ಹೊರಗೆ ಚಾಚಿದ ಮೆಟ್ಟಿಲಿನ ತುದಿಗೆ ಒಬ್ಬ ಮನುಷ್ಯ ನಿಂತರೆ ತಗಡು ಸೀಳಿ ಬರುತ್ತದೆ. ನೆಲದಿಂದ 23 ಇಂಚಿಗೆ ಪೈಪು. ಕಲ್ಲಿಗೆ ತಾಗಿದರೂ ಜೀಪಿನ ಹೊಟ್ಟೆ ಉಳಿಯುತ್ತದೆ, ಮೇಲಾಗಿ ನೋಡುವುದಕ್ಕೂ ಭಾರಿ. ಕಾಕಾ ಅದರ ಮೇಲೆ ಕಾಲಿಟ್ಟು ಟಣ್ಣನೆ ಹಾರಿ ಒಳಗೆ ಕೂತರು. ನಾನೂ ಹಾರಿದೆ. ಬಹಳ ಸುಲಭ ಆಯಿತೆಂದು ಇಬ್ಬರೂ ಒಪ್ಪಿದೆವು.

ದಸರೆಗೆ ಊರಿಗೆ ಹೋದೆವು. ಕಾಕಾ ಹೆಮ್ಮೆಯಿಂದ ಆಯಿಯನ್ನು ಕರೆತಂದು ತೋರಿಸಿದರು. ಅವಳು ಪೈಪನ್ನು ಕೈಯಿಂದ ಮುಟ್ಟಿ ನೋಡಿ, ಬೆನ್ನು ತಿರುಗಿಸಿ ಅದರ ಮೇಲೆ ಕೂತುಬಿಟ್ಟಳು. "ಕುಂಡ್ರಾಕ ಛಲೋ ಆತ್ ನೋಡು" ಅಂದಳು. ಕಾಕೂ ಒಳಗಿನಿಂದ ಪ್ಲಾಸ್ಟಿಕ್ ಸ್ಟೂಲು ತಂದಳು. ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿತ್ತು. ಆಯಿ ಒಂದು ಕಾಲು ಇಟ್ಟ ಕೂಡಲೆ ಸ್ಟೂಲಿನ ಒಂದು ಕಾಲು ಇಳಿದು ವಾಲಿತು. ಕಾಕೂ ಹಿಡಿಯದಿದ್ದರೆ ಬೀಳುತ್ತಿದ್ದಳು. ಮತ್ತೆ ಯಾರೂ ಒತ್ತಾಯ ಮಾಡಲಿಲ್ಲ. ಸಂಜೆ ಎಲ್ಲರೂ ಬನ್ನಿ ಮುಡಿಯಲು ಜೀಪಿನಲ್ಲಿ ಊರೊಳಗೆ ಹೋದೆವು, ಆಯಿ ವಸ್ತಿಯಲ್ಲೇ ಉಳಿದಳು. ನಾವು ತಿರುಗಿ ಬಂದು ಕೈಗೆ ಬನ್ನಿ ಕೊಟ್ಟರೆ "ಬಂಗಾರದಂಗ ಇರ್ರಿ" ಎಂದು ಎಲ್ಲರ ಜೊತೆ ಹೇಳುವ ಹಾಗೆಯೇ ಹೇಳಿದಳು. ಅದು ನನಗೆ ಹೆಚ್ಚು ಚುಚ್ಚಿತು.

ತಪ್ಪು ಎಲ್ಲಿ ಆಯಿತೆಂದು ಪುಣೆಗೆ ತಿರುಗಿ ಬರುವಾಗ ಬಸ್ಸಿನಂತೆ ಕುಲುಕುತ್ತಿದ್ದ ಆ ಜೀಪಿನಲ್ಲಿ ಕೂತು ಯೋಚಿಸಿದೆ. ನಾವು ಜೀಪನ್ನು ಅಳೆದೆವು, ನಮ್ಮ ಕಾಲನ್ನು ಅಳೆದೆವು. ಆಯಿಯ ಕಾಲನ್ನು ಅಳೆಯಲೇ ಇಲ್ಲ.

ನಡುವೆ ಇನ್ನೊಂದು ಫಜೀತಿ ಆಯಿತು. ಕಾಕಾರ ಗೆಳೆಯರೊಬ್ಬರು, ಕನ್ವೇಯರ್ ಬೆಲ್ಟಿನ ತುಂಡನ್ನು ಜೋಕಾಲಿಯಂತೆ ಪೈಪಿಗೆ ಇಳಿಬಿಡಿ, ಕಲ್ಲಿಗೆ ಬಡಿದರೂ ಬಾಗುತ್ತದೆ, ಮುರಿಯುವುದಿಲ್ಲ ಅಂದರು. ಕೇಳುವುದಕ್ಕೆ ಬಹಳ ಬುದ್ಧಿವಂತಿಕೆಯ ಮಾತು. ಮಿಸ್ತ್ರಿ ಕಟ್ಟಿಕೊಟ್ಟರು. ಈ ಸಲ ನಾನು ಒಂದು ಯುಕ್ತಿ ಮಾಡಿದೆ: ಎಡ ಮೊಣಕಾಲಿಗೆ ಎರಡು ಮರದ ಪಟ್ಟಿ ಇಟ್ಟು ಟವೆಲಿನಿಂದ ಬಿಗಿದು, ಬಾಗದಂತೆ ಮಾಡಿಕೊಂಡು ಹತ್ತಲು ಹೋದೆ. ಅಂಗಡಿಯ ಹುಡುಗರಿಗೆ ದೊಡ್ಡ ತಮಾಷೆ. ಬೆಲ್ಟಿನ ಮೇಲೆ ಭಾರ ಬಿದ್ದ ಕೂಡಲೆ ಅದು ಜೀಪಿನ ಅಡಿಗೆ ಒಳಕ್ಕೆ ಜೀಕಿತು. ಕಾಲು ಒಳಗೆ, ಮೈ ಹಿಂದಕ್ಕೆ. ಇಪ್ಪತ್ತು ತುಂಬದ ನಾನೇ ಅಂಗಾತ ಬಿದ್ದೆ. ಮಿಸ್ತ್ರಿ ಬೆಲ್ಟನ್ನು ಕತ್ತರಿಸಿ ಮೂಲೆಗೆ ಒಗೆದರು. "ಮುದುಕರ ಕಾಲಿಗೆ ಗಟ್ಟಿ ಬೇಕ್ರಿ, ಜೋಕಾಲಿ ಅಲ್ಲ" ಅಂದರು. ಕಾಲು ಕಟ್ಟಿಕೊಂಡು ಆ ಹೊತ್ತು ಅರ್ಧ ತಾಸು ಓಡಾಡಿದೆ. ಆಗ ಇನ್ನೊಂದು ತಿಳಿಯಿತು. ಸಾದಾ ಕಾರಿನಲ್ಲಿ ಮೊದಲು ಸೀಟಿನ ಮೇಲೆ ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಬಹುದು. ಎತ್ತರದ ಜೀಪಿನಲ್ಲಿ ಹಾಗಾಗುವುದಿಲ್ಲ. ಮೊದಲು ಪೂರ್ತಿ ಏರಿ ನಿಲ್ಲಬೇಕು, ಆಮೇಲೆ ಕೂಡಬೇಕು. ಏರಿ ನಿಲ್ಲುವ ಆ ಒಂದು ಗಳಿಗೆಯಲ್ಲಿ ಕೈಗೆ ಗಟ್ಟಿಯಾದದ್ದು ಏನಾದರೂ ಸಿಗಲೇಬೇಕು.

ದೀಪಾವಳಿಗೆ ಹೋದಾಗ ಅಳತೆಯ ಟೇಪನ್ನು ಜೊತೆಗೆ ಒಯ್ದೆ. ಪಾಡ್ಯದ ಮಧ್ಯಾಹ್ನ ಕಾಕಾ ಮಲಗಿದ್ದರು. ಆಯಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು.

"ಆಯಿ, ಒಂದೀಟು ಎದ್ದ ಬಾ. ಕಂಬಾ ಹಿಡ್ಕೊಂಡು ನಿಂದ್ರು."

"ಯಾಕೋ? ಮತ್ತ ಫೋಟೋ ತಗೀತಿ ಏನು?"

ನಾನು ಏನೂ ಹೇಳದೆ ಇಟ್ಟಿಗೆ ತಂದು ಜೋಡಿಸಿದೆ. ಒಂದರ ಮೇಲೊಂದು ಎರಡು ಇಟ್ಟಿಗೆ ಇಟ್ಟಾಗ, ಸುಮಾರು 6 ಇಂಚು, ಅವಳು ಕೈ ಊರದೆ ಏರಿದಳು. ಮೂರು ಇಟ್ಟಿಗೆಗೆ ಕಂಬ ಹಿಡಿದು ಏರಿದಳು. ನಾಲ್ಕು ಇಟ್ಟಿಗೆಯ ಮೇಲೆ ಬಲಗಾಲು ಇಟ್ಟಳು, ತುಟಿ ಕಚ್ಚಿದಳು, ಕಾಲು ಕೆಳಗಿಳಿಸಿದಳು. "ಇಷ್ಟ ನೋಡಪಾ" ಅಂದಳು. ನಾನು ಬರೆದುಕೊಂಡೆ. ಕೈ ಎಷ್ಟು ಎತ್ತರಕ್ಕೆ ಸಲೀಸಾಗಿ ಹೋಗುತ್ತದೆ, ಮುಷ್ಟಿಗೆ ಎಷ್ಟು ದಪ್ಪದ ಕೋಲು ಹಿಡಿಯಲು ಬರುತ್ತದೆ, ಪಾದ ಎಷ್ಟು ಉದ್ದ, ಎಲ್ಲವನ್ನೂ. ಮುಷ್ಟಿಯ ಅಳತೆಗೆ ಒನಕೆ ದಪ್ಪ ಆಯಿತು, ಲಟ್ಟಣಿಗೆ ಸರಿಹೋಯಿತು. ಕೊನೆಕೊನೆಗೆ ಆಯಿಯೇ ಹುರುಪಿಗೆ ಬಂದು, "ಮ್ಯಾಲಿನ ಮೆಟ್ಲಕಿಂತ ಕೆಳಗಿನ ಮೆಟ್ಲಾ ಮುಂದ ಇರಬೇಕೋ, ಇಲ್ಲಾಂದ್ರ ನಿಚ್ಚಣಿಕಿ ಆಕ್ಕೈತಿ, ಮೊಣಕಾಲು ಬಡೀತೈತಿ" ಎಂದು ಹೇಳಿದಳು. ಭೋಸರಿಯ ಮಿಸ್ತ್ರಿಗೂ ನನಗೂ ಹೊಳೆಯದ ಮಾತು.

31 ಇಂಚನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಏಟಿಗೆ ಏಳೂಮುಕ್ಕಾಲು ಇಂಚು. ಮೂರು ಪಾಲು ಮಾಡಿದರೆ ಹತ್ತರ ಮೇಲೆ ಹೋಗುತ್ತದೆ, ಆಯಿಗೆ ಸಾಲದು. ಆಮೇಲೆ ನನ್ನ ಕೋಣೆಯ ಸಿವಿಲ್ ಡಿಪ್ಲೊಮಾ ಗೆಳೆಯ ಹೇಳಿದ: 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲು 19 ಸೆಂಟಿಮೀಟರಿಗಿಂತ ಎತ್ತರ ಇರಬಾರದಂತೆ. ಅಂದರೆ ಏಳೂವರೆ ಇಂಚು. ನಮ್ಮ ಇಟ್ಟಿಗೆ ಲೆಕ್ಕ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತ್ತು!

ಆದರೆ ಕಾಕಾ ತಕರಾರು ತೆಗೆದರು. "ನೆಲದಿಂದ ಎಂಟು ಇಂಚಿಗೆ ಮೆಟ್ಲಾ ಇಟ್ರ ಗಾಡಿ ಎತ್ತರ ಮಾಡಿದ್ದು ಯಾತಕ್ಕ? ಮೊದಲನೇ ಕಲ್ಲಿಗೇ ಕಿತ್ತು ಹೋಗತೈತಿ." ತಪ್ಪು ಮಾತಲ್ಲ. ಜೀಪು ಏರಿಸಿದ್ದೇ ಅಡಿಯಲ್ಲಿ ಏನೂ ತಾಗದಿರಲೆಂದು. ಹತ್ತುವವರಿಗೆ ಬೇಕಾದದ್ದು ಅಡಿಯಲ್ಲೇ. ಗಾಡಿ ನಿಂತಾಗ ಒಂದು ಆಗಬೇಕು, ಓಡುವಾಗ ಇನ್ನೊಂದು ಆಗಬೇಕು. ಮಿಸ್ತ್ರಿ ಬೀಡಿ ಸೇದುತ್ತ ಬಹಳ ಹೊತ್ತು ನೆಲದ ಮೇಲೆ ಸೀಮೆಸುಣ್ಣದಿಂದ ಗೀರಿದರು. ಕೊನೆಗೆ ಆದದ್ದು ಹೀಗೆ: 23 ಇಂಚಿಗಿದ್ದ ಪೈಪಿನ ಮೇಲೆ ಅಗಲವಾದ ಪ್ಲೇಟು ಕೂಡಿಸಿ ಅದನ್ನೇ ಮೇಲಿನ ಮೆಟ್ಟಿಲು ಮಾಡಿದರು. ಅದರ ಅಂಚಿಗೆ ಗಟ್ಟಿ ಬಿಜಾಗರಿ ಹಾಕಿ ಇನ್ನೆರಡು ಮೆಟ್ಟಿಲಿನ ಒಂದು ಚೌಕಟ್ಟನ್ನು ತೂಗುಬಿಟ್ಟರು, ಹೊರಕ್ಕೆ ಓರೆಯಾಗಿ. ಅದು ಒಳಕ್ಕೆ ಜೀಕದಂತೆ ಹಿಂದೆ ಒಂದು ತಡೆ. ಹೋಗುವಾಗ ಚೌಕಟ್ಟನ್ನು ಮೇಲಕ್ಕೆ ಮಡಚಿದರೆ ಬಾಗಿಲಿಲ್ಲದ ಜೀಪಿಗೆ ಅರ್ಧ ಬಾಗಿಲು ಆಗುತ್ತದೆ. ಹಿಂದಿನ ಕಂಬಿಗೆ ಒಂದು ನೆಟ್ಟನೆಯ ಹಿಡಿ, ಡ್ಯಾಶ್‌ಬೋರ್ಡಿನ ಮಗ್ಗುಲಿಗೆ ಒಂದು, ಎರಡೂ ಲಟ್ಟಣಿಗೆ ದಪ್ಪದ್ದು. ಗಾಜಿನ ಚೌಕಟ್ಟಿಗೆ ಕೈ ಹೋಗಲೇಬಾರದು.

ಮಡಚುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಕೂತವರು ಕೆಳಗಿಳಿದು ಮಡಚುವಂತಿಲ್ಲ. ಮಿಸ್ತ್ರಿಯ ಹುಡುಗನೊಬ್ಬ ಕೆಳಗಿನ ಮೆಟ್ಟಿಲಿಗೆ ನೂಲಿನ ಹಗ್ಗ ಕಟ್ಟಿ, ಮೇಲಿನ ಕಂಬಿಯ ಕೊಂಡಿಯೊಳಗಿಂದ ತೆಗೆದು ಸೀಟಿನ ಹತ್ತಿರ ಇಳಿಬಿಟ್ಟ. ಒಳಗೆ ಕೂತು ಜಗ್ಗಿದರೆ ಮೆಟ್ಟಿಲು ಮೇಲೆ ಬರುತ್ತದೆ.

ಖರ್ಚು ಬರೆಯದಿದ್ದರೆ ನಾನು ಕಾಮರ್ಸಿನವನೇ ಅಲ್ಲ. ಹಳೆಯ ಪೈಪು 900, ಪ್ಲೇಟು ಮತ್ತು ಪಟ್ಟಿ 650, ಬಿಜಾಗರಿ-ಪಿನ್ನು-ಬೋಲ್ಟು 420, ಹಗ್ಗ 60, ಕೂಲಿ 1,500. ಒಟ್ಟು 3,530 ರೂಪಾಯಿ. ಏರಿಸಲು ಕೊಟ್ಟದ್ದರಲ್ಲಿ ನೂರಕ್ಕೆ ನಾಲ್ಕು. ಇದನ್ನು ಕಾಕಾರಿಗೆ ಹೇಳಿದೆ. ಅವರು ಈ ಸಲ ಪರೀಕ್ಷೆಯ ಮಾತು ತೆಗೆಯಲಿಲ್ಲ.

ಛಟ್ಟಿ ಅಮಾವಾಸ್ಯೆಗೆ ನಮ್ಮ ತಾಲೂಕಿನ ಗುಡ್ಡಾಪುರದಲ್ಲಿ ದಾನಮ್ಮ ದೇವಿಯ ಜಾತ್ರೆ. ವಿಜಯಪುರದ ಕಡೆಯಿಂದಲೂ ಜನ ನಡೆದು ಬರುತ್ತಾರೆ. ಆಯಿಯೂ ವಯಸ್ಸಿನಲ್ಲಿ ನಡೆದವಳೇ. ಅವಳು ಹೋಗದೆ ಮೂರು ವರ್ಷ ಆಗಿತ್ತು. ಹಿಂದಿನ ದಿನ ರಾತ್ರಿ ಜೀಪು ಅಂಗಳದಲ್ಲಿ ನಿಂತಿತು. ಬೆಳಿಗ್ಗೆ ಎದ್ದು ನೋಡಿದರೆ ಆಯಿ ಮಿಂದು, ಇಳಕಲ್ ಸೀರೆ ಉಟ್ಟು, ಜೀಪಿನ ಹತ್ತಿರ ಒಬ್ಬಳೇ ನಿಂತಿದ್ದಳು. ನಾನು ಓಡಿ ಹೋದೆ. "ದೂರ ನಿಂದ್ರು" ಅಂದಳು. ಚಪ್ಪಲಿ ಬಿಟ್ಟಳು, ಗಾಡಿಯೊಳಗೆ ಚಪ್ಪಲಿ ಕಾಲು ಇಡಬಾರದು ಎಂದು ಅವಳ ರೂಢಿ. ಅಲ್ಲಿ ನಮ್ಮದು ಮತ್ತೊಂದು ತಪ್ಪಾಗಿತ್ತು. ರಾಡಿ ನಿಲ್ಲದಿರಲೆಂದು ಕೆಳಗಿನ ಎರಡು ಮೆಟ್ಟಿಲಿಗೆ ಜಾಳಿಗೆ ಹಾಕಿದ್ದೆವು, ಅದು ಬರಿಗಾಲಿಗೆ ಮುಳ್ಳಿನಂತೆ. ಅವಳು 'ಹಾ' ಎಂದಳು, ಆದರೆ ಕಾಲು ತೆಗೆಯಲಿಲ್ಲ. ಬಲಗಾಲು, ಆಮೇಲೆ ಎಡಗಾಲು. ಮತ್ತೆ ಬಲಗಾಲು. ಎರಡೂ ಹಿಡಿಗಳನ್ನು ಹಿಡಿದು ಮೇಲಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು ವಸ್ತಿಯನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಒಳಗೆ ಕಾಲಿಟ್ಟು ಕೂತಳು. ಸೆರಗು ಎಲ್ಲಿಯೂ ಸಿಗಲಿಲ್ಲ. ಕಾಕಾ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದವರು ಬಾಯಿಯ ನೊರೆ ಉಗಿಯುವುದನ್ನೂ ಮರೆತಿದ್ದರು.

ಹಗ್ಗ ಕೈಗೆ ಕೊಟ್ಟೆ. ಬಾವಿಯಿಂದ ಕೊಡ ಸೇದಿದವಳಿಗೆ ಅದೇನು ಹೇಳಿಕೊಡಬೇಕೆ? ಕೈ ಮೇಲೆ ಕೈ ಹಾಕಿ ನಾಲ್ಕು ಸಲ ಜಗ್ಗಿದಳು, ಮೆಟ್ಟಿಲು ಮೇಲೆ ಬಂದು ಖಟ್ಟೆಂದು ಕೂತಿತು.

ಗುಡ್ಡಾಪುರದಲ್ಲಿ ಇಳಿಯುವಾಗ ಜೀಪಿನ ಕಡೆ ಮುಖ ಮಾಡಿ, ಎಡಗಾಲು ಮೊದಲು ಇಟ್ಟು, ಅಟ್ಟದಿಂದ ಇಳಿದಂತೆ ಇಳಿದಳು. ದರ್ಶನ ಆಯಿತು. ತಿರುಗಿ ಬಂದು ನೋಡಿದರೆ ನಮ್ಮ ಊರಿನ ಮೂವರು ಮುದುಕಿಯರು ಬಸ್ಸಿಗೆ ಕಾಯುತ್ತ ನಿಂತಿದ್ದರು. ಆಯಿ ಅವರನ್ನೂ ಕರೆದಳು. "ಏರಾಕ ಆಗಂಗಿಲ್ಲ ಯಕ್ಕಾ" ಎಂದು ಒಬ್ಬಳು ಹಿಂದೆ ಸರಿದಳು. "ಆಕ್ಕೈತಿ ಬಾ. ಒಳ್ಳೇ ಕಾಲು ಮೊದಲ ಇಡು. ಗಾಜು ಹಿಡೀಬ್ಯಾಡ, ಹಿಡಿ ಹಿಡಿ" ಎಂದು ಡಾಕ್ಟರರೂ ಮಿಸ್ತ್ರಿಯೂ ಕೂಡಿ ಹೇಳಿದಂತೆ ಹೇಳತೊಡಗಿದಳು. ನಾನು ಹಿಂದೆ ಸ್ಟೆಪ್ನಿಯ ಹತ್ತಿರ ನಿಂತು ಬಂದೆ. ಆ ಗದ್ದಲದಲ್ಲಿ ಹಗ್ಗ ಜಗ್ಗುವುದನ್ನು ಎಲ್ಲರೂ ಮರೆತೆವು. ವಸ್ತಿಯ ಹಳ್ಳದಲ್ಲಿ ಒಂದು ಕಲ್ಲಿಗೆ ಕೆಳಗಿನ ಮೆಟ್ಟಿಲು ಬಡಿದು ಒಂದು ಕಡೆ ಸೊಟ್ಟಾಯಿತು.

ಪುಣೆಗೆ ಬಂದ ಮೇಲೆ ಮಿಸ್ತ್ರಿ ಜಾಳಿಗೆಯ ಮೇಲೆ ಹಳೆಯ ಟಾಯರಿನ ರಬ್ಬರು ಹೊಡೆದುಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಸೊಟ್ಟಾದದ್ದನ್ನೂ ಬಡಿದು ನೆಟ್ಟಗೆ ಮಾಡುತ್ತೇನೆ ಅಂದರು. ಕಾಕಾ ಬೇಡ ಅಂದರು, ಯಾಕೆಂದು ಹೇಳಲಿಲ್ಲ. ರವಿವಾರದ ಗೆಳೆಯರು ಅದನ್ನು ನೋಡಿ "ಇದೇನು, ಜೀಪೋ ಅಟ್ಟವೋ?" ಎಂದು ನಗುತ್ತಾರಂತೆ. ಅವರಲ್ಲಿ ಹೊಟ್ಟೆ ದಪ್ಪದ ಒಬ್ಬರು ಮಾತ್ರ, ಯಾರೂ ನೋಡದಾಗ, ಅದರ ಮೇಲೆ ಕಾಲಿಟ್ಟೇ ಹತ್ತುತ್ತಾರೆ ಎಂದು ಕಾಕಾ ಹೇಳುತ್ತಾರೆ.